ತೇರು ಒಂದು, ಎಳೆಯುವವರೆಷ್ಟು? ಜೀವಕೋಶದ ಮೋಟಾರುಗಳನ್ನು ಎಣಿಸಿದ ಡಿಎನ್‌ಎ ಚೌಕಟ್ಟು

ಎಮ್ಮಿಗನೂರು: ಚೈತ್ರ ಮಾಸದಲ್ಲಿ ಹಂಪಿಯ ವಿರೂಪಾಕ್ಷನ ತೇರು ಸಾಗುವುದನ್ನು ಈ ಭಾಗದಲ್ಲಿ ಕಾಣದವರು ವಿರಳ. ಮಿಣಿ ಹಗ್ಗಕ್ಕೆ ನೂರಾರು ಕೈಗಳು ಬಿದ್ದಿರುತ್ತವೆ. ಅವುಗಳಲ್ಲಿ ಬಲ ಹಾಕಿ ಎಳೆಯುತ್ತಿರುವ ಕೈಗಳೆಷ್ಟು, ಭಕ್ತಿಯಿಂದ ಹಗ್ಗವನ್ನು ಮುಟ್ಟಿಕೊಂಡಷ್ಟೇ ನಡೆಯುತ್ತಿರುವ ಕೈಗಳೆಷ್ಟು ಎಂದು ಕೇಳಿದರೆ ಹೇಳುವವರು ಯಾರೂ ಇಲ್ಲ. ತೇರು ಮುಂದೆ ಸಾಗಿತು ಎಂಬುದಷ್ಟೇ ಕಣ್ಣಿಗೆ ಕಾಣುವ ಸಂಗತಿ. ಇನ್ನೂ ಹತ್ತು ಜನ ಸೇರಿದರೆ ತೇರು ವೇಗವಾಗಿ ಹೋಗುವುದೇ? ಹತ್ತು ಜನ ಹಿಂದಕ್ಕೆ ಜಗ್ಗಿದರೆ ನಿಂತೇ ಬಿಡುವುದೇ? ಜಾತ್ರೆಯ ಗದ್ದಲದಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ದೊರೆಯದು.

ನಮ್ಮ ದೇಹದ ಪ್ರತಿಯೊಂದು ಜೀವಕೋಶದೊಳಗೂ ಇಂಥದೇ ತೇರುಗಳು ಹಗಲಿರುಳು ಸಾಗುತ್ತಿವೆ. ಅವುಗಳನ್ನು ಎಳೆಯುವ ಪ್ರೊಟೀನುಗಳಿಗೆ ‘ಮೋಟಾರ್ ಪ್ರೊಟೀನ್’ ಎಂದು ಹೆಸರು. ಒಂದು ಸರಕನ್ನು ಎಷ್ಟು ಮೋಟಾರುಗಳು ಎಳೆಯುತ್ತಿವೆ ಎಂಬುದನ್ನು ಖಚಿತವಾಗಿ ನಿಗದಿಪಡಿಸಿ ಪರೀಕ್ಷಿಸಲು ವಿಜ್ಞಾನಿಗಳಿಗೆ ಬಹುಕಾಲ ಸಾಧ್ಯವಾಗಿರಲಿಲ್ಲ. ಆ ತೊಡಕನ್ನು ಬಿಡಿಸಿದ್ದು ಯಾರೂ ನಿರೀಕ್ಷಿಸದ ಒಂದು ವಸ್ತು: ಡಿಎನ್‌ಎ. ತಂದೆ-ತಾಯಿಯ ಗುಣಗಳನ್ನು ಮಕ್ಕಳಿಗೆ ದಾಟಿಸುವ ವಂಶವಾಹಿಯಾಗಿ ಅಲ್ಲ, ಬಡಗಿಯ ಕೈಯಲ್ಲಿನ ಮರದ ತೊಲೆಯಂತೆ, ಕೇವಲ ಕಟ್ಟಡ ಸಾಮಗ್ರಿಯಾಗಿ.

ಹಮಾಲಿ ಪ್ರೊಟೀನುಗಳು

ಭತ್ತದ ಸುಗ್ಗಿಯಲ್ಲಿ ಕಂಪ್ಲಿ, ಎಮ್ಮಿಗನೂರು ಭಾಗದ ಅಕ್ಕಿ ಗಿರಣಿಗಳ ಮುಂದೆ ಚೀಲ ಹೊತ್ತು ಹಲಗೆಯ ಮೇಲೆ ನಡೆಯುವ ಹಮಾಲರನ್ನು ನೆನಪಿಸಿಕೊಂಡರೆ ಈ ಪ್ರೊಟೀನುಗಳ ಕೆಲಸ ಅರ್ಥವಾಗುತ್ತದೆ. ಜೀವಕೋಶದೊಳಗೆ ‘ಮೈಕ್ರೊಟ್ಯೂಬ್ಯೂಲ್’ ಎಂಬ ಟೊಳ್ಳು ಕೊಳವೆಗಳು ಹಾಸಿಕೊಂಡಿರುತ್ತವೆ. ಇವುಗಳ ದಪ್ಪ ಸುಮಾರು 25 ನ್ಯಾನೊಮೀಟರ್. ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗವೇ ನ್ಯಾನೊಮೀಟರ್. ಈ ಕೊಳವೆಗಳೇ ರಸ್ತೆ. ಇದರ ಮೇಲೆ ‘ಕೈನೆಸಿನ್’ ಎಂಬ ಮೋಟಾರು ಎರಡು ಕಾಲುಗಳನ್ನು ಒಂದಾದ ಮೇಲೊಂದರಂತೆ ಇಡುತ್ತ, ಹೆಜ್ಜೆಗೆ 8 ನ್ಯಾನೊಮೀಟರಿನಂತೆ, ಬೆನ್ನಿಗೆ ಸರಕು ಕಟ್ಟಿಕೊಂಡು ನಡೆಯುತ್ತದೆ. ಒಂದು ಹೆಜ್ಜೆಗೆ ಒಂದು ಎಟಿಪಿ ಅಣು ಕೂಲಿ. ಸೆಕೆಂಡಿಗೆ ಸುಮಾರು ನೂರು ಹೆಜ್ಜೆ. ನೂರರಷ್ಟು ಹೆಜ್ಜೆ ಇಟ್ಟ ಬಳಿಕ ಒಂಟಿ ಕೈನೆಸಿನ್ ಸಾಮಾನ್ಯವಾಗಿ ರಸ್ತೆಯಿಂದ ಕಳಚಿಕೊಳ್ಳುತ್ತದೆ.

ಕೈನೆಸಿನ್ ಬಹುಪಾಲು ಕೋಶದ ಕೇಂದ್ರದಿಂದ ಹೊರಅಂಚಿನತ್ತ ಸಾಗಿದರೆ, ‘ಡೈನಿನ್’ ಎಂಬ ಇನ್ನೊಂದು ಮೋಟಾರು ಅದೇ ರಸ್ತೆಯಲ್ಲಿ ಎದುರು ದಿಕ್ಕಿಗೆ ಸಾಗುತ್ತದೆ. ಮೂರನೆಯ ಬಳಗ ‘ಮಯೋಸಿನ್’. ಅದರ ರಸ್ತೆ ಬೇರೆ, ‘ಆ್ಯಕ್ಟಿನ್’ ಎಂಬ ತೆಳುವಾದ ಎಳೆ. ನಮ್ಮ ಸ್ನಾಯುಗಳು ಬಿಗಿಯುವುದು, ಹೃದಯ ಬಡಿಯುವುದು ಮಯೋಸಿನ್ನಿನಿಂದಲೇ.

ಬೆನ್ನುಹುರಿಯಿಂದ ಕಾಲಿನ ಹೆಬ್ಬೆರಳಿನವರೆಗೆ ಹೋಗುವ ನರಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅದರ ತುದಿಗೆ ಬೇಕಾದ ಬಹುಪಾಲು ಸಾಮಗ್ರಿ ಸಿದ್ಧವಾಗುವುದು ಇನ್ನೊಂದು ತುದಿಯಲ್ಲಿ. ಗಾಜಿನ ಮೇಲೆ ಅಳೆದ ಕೈನೆಸಿನ್ ವೇಗದಲ್ಲಿ ಲೆಕ್ಕ ಹಾಕಿದರೆ ಈ ದಾರಿ ಸವೆಸಲು ಎಲ್ಲೂ ನಿಲ್ಲದೆ ನಡೆದರೂ ಎರಡು ವಾರ ಬೇಕು. ಆದರೆ ಜೀವಂತ ನರದಲ್ಲಿ ವೇಗದ ಸಾಗಣೆ ದಿನಕ್ಕೆ 200ರಿಂದ 400 ಮಿಲಿಮೀಟರಿನಷ್ಟಿದೆ ಎಂದು ಅಳೆಯಲಾಗಿದೆ. ಅಂದರೆ ಮೂರರಿಂದ ಐದು ದಿನ. ನೂರು ಹೆಜ್ಜೆಗೆ ಕಳಚಿ ಬೀಳುವ ಹಮಾಲ ಒಂದು ಮೀಟರ್ ದಾರಿಯಲ್ಲಿ ಸರಕು ಮುಟ್ಟಿಸುವುದು ಹೇಗೆ? ಒಬ್ಬನೇ ಹೊರುತ್ತಿಲ್ಲ, ಹಲವರು ಸೇರಿ ಹೊರುತ್ತಿದ್ದಾರೆ ಎಂಬುದೊಂದು ಉತ್ತರ. ಒಬ್ಬ ಕೈ ಬಿಟ್ಟರೂ ಇನ್ನೊಬ್ಬ ಹಿಡಿದಿರುತ್ತಾನೆ. ಹಾಗಾದರೆ ಹಲವರು ಎಂದರೆ ಎಷ್ಟು?

ಗದ್ದೆಯ ಪಾಚಿಯಿಂದ ಆರಂಭ

ಮೋಟಾರುಗಳ ನಡಿಗೆಯನ್ನು ಕೋಶದ ಹೊರಗೆ ಕಾಣುವ ಪ್ರಯತ್ನ 1983ರಲ್ಲಿ ಫಲಿಸಿತು. ಅಮೆರಿಕದ ಜೇಮ್ಸ್ ಸ್ಪೂಡಿಚ್ ಮತ್ತು ಮೈಕೆಲ್ ಶೀಟ್ಜ್ ಅವರು ‘ನೈಟೆಲ್ಲ’ ಎಂಬ ಸಿಹಿನೀರಿನ ಪಾಚಿಯ ಕೋಶವನ್ನು ಸೀಳಿ ತೆರೆದು, ಅದರೊಳಗಿನ ಆ್ಯಕ್ಟಿನ್ ಎಳೆಗಳ ಮೇಲೆ ಮಯೋಸಿನ್ ಲೇಪಿಸಿದ ಸೂಕ್ಷ್ಮ ಮಣಿಗಳನ್ನು ಬಿಟ್ಟರು. ಮಣಿಗಳು ಒಂದೇ ದಿಕ್ಕಿಗೆ ಓಡಿದವು. (ಈ ಪಾಚಿಯ ಬಳಗದವು ನಿಂತ ನೀರಿನ ಭತ್ತದ ಗದ್ದೆಗಳಲ್ಲೂ ಬೆಳೆಯುತ್ತವೆ, ನಾವು ಕಿತ್ತು ಬದುವಿಗೆ ಎಸೆಯುವುದರಲ್ಲಿ ಅಂಥವೂ ಇದ್ದಾವು.) 1985ರಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್ ಮತ್ತು ಶೀಟ್ಜ್ ಅವರು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದಿಂದ ಕೈನೆಸಿನ್ನನ್ನು ಬೇರ್ಪಡಿಸಿದರು. ಸ್ಪೂಡಿಚ್, ಶೀಟ್ಜ್ ಮತ್ತು ವೇಲ್ ಮೂವರಿಗೂ 2012ರ ಲಾಸ್ಕರ್ ಪ್ರಶಸ್ತಿ ಸಂದಿತು. ಕೈನೆಸಿನ್ನಿನ ಹೆಜ್ಜೆ 8 ನ್ಯಾನೊಮೀಟರ್ ಎಂದು ಲೇಸರ್ ಕಿರಣದ ಚಿಮ್ಮಟದಿಂದ ಅಳೆದದ್ದು 1993ರಲ್ಲಿ.

ಇಷ್ಟಾದರೂ ಎಣಿಕೆಯ ಪ್ರಶ್ನೆ ಉಳಿದೇ ಇತ್ತು. ಪ್ಲಾಸ್ಟಿಕ್ ಮಣಿಗೆ ಮೋಟಾರುಗಳನ್ನು ಲೇಪಿಸುವಾಗ ಒಂದು ಮಣಿಗೆ ಎರಡು ಅಂಟಿಕೊಂಡವೋ, ಇಪ್ಪತ್ತು ಅಂಟಿಕೊಂಡವೋ ಎಂದು ಹೇಳುವ ಉಪಾಯವಿರಲಿಲ್ಲ. ದ್ರಾವಣವನ್ನು ನೀರುನೀರಾಗಿಸುತ್ತ ಹೋಗಿ, ಬಹುಪಾಲು ಮಣಿಗಳು ಅಲುಗದಂತಾದಾಗ ‘ಅಲುಗಿದವುಗಳಲ್ಲಿ ಒಂದೊಂದೇ ಮೋಟಾರು ಇರಬೇಕು’ ಎಂದು ಸಂಭವನೀಯತೆಯ ಗಣಿತದಿಂದ ಊಹಿಸುತ್ತಿದ್ದರು. ಒಂಟಿ ಮೋಟಾರಿಗೆ ಈ ಲೆಕ್ಕ ಸಾಕು. ಮೂರು ಮೋಟಾರುಗಳು ಬೇಕು, ಅವುಗಳ ನಡುವೆ ಇಂತಿಷ್ಟೇ ಅಂತರವಿರಬೇಕು, ಅದರಲ್ಲಿ ಒಂದು ಎದುರು ದಿಕ್ಕಿಗೆ ಎಳೆಯುವಂಥದಾಗಿರಬೇಕು ಎಂದರೆ ಮಣಿಯ ಲೇಪನ ಕೈಕೊಡುತ್ತದೆ. ಬೇಕಾಗಿದ್ದದ್ದು ಅಳತೆಗೆ ತಕ್ಕಂತೆ ಗೂಟ ಹೊಡೆದ ಒಂದು ನೊಗ.

ಹರಿಗೋಲಿನ ನೆಯ್ಗೆ

ನೊಗ ಸಿಕ್ಕಿದ್ದು ಸಂಬಂಧವೇ ಇಲ್ಲದ ಇನ್ನೊಂದು ಕಡೆಯಿಂದ. ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿವೆ. ಎ ಅಕ್ಷರವು ಟಿಯೊಂದಿಗೆ, ಜಿ ಅಕ್ಷರವು ಸಿಯೊಂದಿಗೆ ಮಾತ್ರ ಜೋಡಿಯಾಗುತ್ತದೆ ಎಂಬುದು ಪಿಯುಸಿ ವಿದ್ಯಾರ್ಥಿಗೂ ತಿಳಿದ ಮಾತು. ಜೋಡಿಯಾದ ಎಳೆಯ ದಪ್ಪ 2 ನ್ಯಾನೊಮೀಟರ್. ಒಂದು ಅಕ್ಷರದಿಂದ ಮುಂದಿನ ಅಕ್ಷರಕ್ಕೆ ಇರುವ ಅಂತರ 0.34 ನ್ಯಾನೊಮೀಟರ್. ಅಳತೆ ಇಷ್ಟು ಖಚಿತವಾಗಿರುವ, ಯಾರ ಜೊತೆ ಯಾರು ಕೂಡಬೇಕೆಂಬ ನಿಯಮ ಇಷ್ಟು ಕಟ್ಟುನಿಟ್ಟಾಗಿರುವ ವಸ್ತುವಿನಿಂದ ಆಕೃತಿಗಳನ್ನೇಕೆ ಕಟ್ಟಬಾರದು ಎಂದು 1982ರಲ್ಲಿ ಪ್ರಬಂಧ ಬರೆದವರು ಅಮೆರಿಕದ ನೆಡ್ ಸೀಮನ್. 1991ರಲ್ಲಿ ಅವರ ಪ್ರಯೋಗಾಲಯ ಡಿಎನ್‌ಎಯ ಘನಾಕೃತಿಯೊಂದನ್ನು ಕಟ್ಟಿತು. 2006ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ರಾಥೆಮಂಡ್ ಈ ವಿದ್ಯೆಯನ್ನು ಸುಲಭವಾಗಿಸಿದರು. ಕಾಗದ ಮಡಚುವ ಜಪಾನೀ ಕಲೆಯ ನೆನಪಿನಿಂದ ಅದಕ್ಕೆ ‘ಡಿಎನ್‌ಎ ಒರಿಗಾಮಿ’ ಎಂಬ ಹೆಸರು ಬಿತ್ತು.

ಹೆಸರು ಮಡಿಕೆಯದಾದರೂ ಕೆಲಸ ನೆಯ್ಗೆಯದು ಎಂಬುದು ಈ ವರದಿಗಾರನ ಅಭಿಪ್ರಾಯ. ತುಂಗಭದ್ರೆಯ ದಡದಲ್ಲಿ ಹರಿಗೋಲು ಹೆಣೆಯುವವರನ್ನು ಗಮನಿಸಿ. ಬಿದಿರಿನ ಸೀಳು ತಾನಾಗಿ ಬಾಗಿ ನಿಲ್ಲುವುದಿಲ್ಲ. ಅಡ್ಡ ಬಂದ ಇನ್ನೊಂದು ಸೀಳು ಅದನ್ನು ಹಿಡಿದು ನಿಲ್ಲಿಸುತ್ತದೆ. ರಾಥೆಮಂಡ್ ಅವರು ಬ್ಯಾಕ್ಟೀರಿಯಾಕ್ಕೆ ತಗುಲುವ ವೈರಸ್ಸೊಂದರ, 7 ಸಾವಿರಕ್ಕೂ ಹೆಚ್ಚು ಅಕ್ಷರಗಳ ಉದ್ದನೆಯ ಒಂಟಿ ಎಳೆಯನ್ನು ತೆಗೆದುಕೊಂಡರು. ಅದಕ್ಕೆ 200ಕ್ಕೂ ಹೆಚ್ಚು ಚಿಕ್ಕ ತುಂಡು ಎಳೆಗಳನ್ನು ಬೆರೆಸಿದರು. ಪ್ರತಿ ತುಂಡಿನ ಒಂದು ಭಾಗ ಉದ್ದನೆಯ ಎಳೆಯ ಒಂದು ಜಾಗಕ್ಕೂ, ಇನ್ನೊಂದು ಭಾಗ ದೂರದ ಮತ್ತೊಂದು ಜಾಗಕ್ಕೂ ಜೋಡಿಯಾಗುವಂತೆ ಅಕ್ಷರಗಳನ್ನು ಮೊದಲೇ ಬರೆದಿಡಲಾಗಿತ್ತು. ಬಿಸಿ ಮಾಡಿ ಮೆಲ್ಲಗೆ ತಣಿಸಿದರೆ ಸಾಕು. ಎಳೆಗಳು ತಮ್ಮ ತಮ್ಮ ಜೋಡಿ ಹುಡುಕಿಕೊಂಡು ತಾವೇ ಹೆಣೆದುಕೊಳ್ಳುತ್ತವೆ. ಒಂದು ಹನಿಯಲ್ಲಿ ಕೋಟ್ಯಂತರ ಹರಿಗೋಲುಗಳು ಏಕಕಾಲಕ್ಕೆ ಸಿದ್ಧವಾಗುತ್ತವೆ. ರಾಥೆಮಂಡ್ ಹೀಗೆ ತಯಾರಿಸಿದ ಆಕೃತಿಗಳಲ್ಲಿ ಸುಮಾರು 100 ನ್ಯಾನೊಮೀಟರ್ ಅಗಲದ ನಗುವ ಮುಖವೂ ಒಂದು.

ಮೋಟಾರು ಪ್ರೊಟೀನುಗಳ ಅಧ್ಯಯನಕ್ಕೆ ಬೇಕಾಗಿದ್ದ ಗುಣ ಇಲ್ಲಿಯೇ ಇದೆ. ಹೆಣಿಗೆಯ ಪ್ರತಿಯೊಂದು ತುಂಡು ಎಳೆಯ ಸ್ಥಾನವೂ ಮೊದಲೇ ಗೊತ್ತು. ಯಾವ ತುಂಡಿನ ತುದಿಯನ್ನು ಹೊರಚಾಚುವಂತೆ ಬಿಟ್ಟರೆ ಅಲ್ಲೊಂದು ಗೂಟ. ಎಷ್ಟು ಗೂಟ, ಎಲ್ಲೆಲ್ಲಿ ಗೂಟ ಎಂಬುದು ಪ್ರಯೋಗಕಾರನ ಇಚ್ಛೆ.

ಬೋಸ್ಟನ್ನಿನ ಹಗ್ಗಜಗ್ಗಾಟ

ಎರಡೂ ವಿದ್ಯೆಗಳನ್ನು ಬೆಸೆದ ಪ್ರಮುಖ ಪ್ರಯೋಗ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ಬೋಸ್ಟನ್ನಿನಲ್ಲಿ ಮೋಟಾರು ಪ್ರೊಟೀನುಗಳ ತಜ್ಞೆ ಸಮಾರಾ ರೆಕ್-ಪೀಟರ್ಸನ್ ಮತ್ತು ಡಿಎನ್‌ಎ ಒರಿಗಾಮಿಯ ತಜ್ಞ ವಿಲಿಯಂ ಶಿಹ್ ಅವರ ತಂಡಗಳು ಕೂಡಿ ಮಾಡಿದ ಕೆಲಸವಿದು. ಡಿಎನ್‌ಎಯ 12 ಜೋಡಿ ಎಳೆಗಳನ್ನು ಕಬ್ಬಿನ ಹೊರೆಯಂತೆ ಒಟ್ಟು ಕಟ್ಟಿ, 200 ನ್ಯಾನೊಮೀಟರಿಗೂ ಉದ್ದದ ಗಟ್ಟಿ ತೊಲೆಯೊಂದನ್ನು ರೂಪಿಸಿದರು. ಅದರ ಮೈಮೇಲೆ ನಿಗದಿತ ಅಂತರದಲ್ಲಿ ಗೂಟಗಳು. ಇತ್ತ ಮಾನವನ ಕೈನೆಸಿನ್ ಹಾಗೂ ಯೀಸ್ಟಿನ ಡೈನಿನ್ ಪ್ರೊಟೀನುಗಳ ಬಾಲಕ್ಕೆ ಚಿಕ್ಕ ಡಿಎನ್‌ಎ ಎಳೆಯೊಂದನ್ನು ಬೆಸೆದರು. ಆ ಎಳೆಯ ಅಕ್ಷರಗಳು ತನಗೆ ಮೀಸಲಾದ ಗೂಟದ ಅಕ್ಷರಗಳಿಗೆ ಮಾತ್ರ ಜೋಡಿ. ಹೀಗಾಗಿ ಎತ್ತು ತನ್ನ ನೊಗದ ಜಾಗವನ್ನು ತಾನೇ ಹುಡುಕಿಕೊಂಡು ಬಂದು ನಿಂತಂತಾಯಿತು. ಹೊಳೆಯುವ ಬಣ್ಣದ ಅಣುಗಳನ್ನು ಅಂಟಿಸಿದ ಈ ತೊಲೆಗಳನ್ನು ಗಾಜಿನ ಮೇಲೆ ಹಾಸಿದ ಮೈಕ್ರೊಟ್ಯೂಬ್ಯೂಲ್ ರಸ್ತೆಗೆ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಚಿತ್ರೀಕರಿಸಿದರು.

ಒಂದೇ ಜಾತಿಯ ಮೋಟಾರುಗಳನ್ನು ಒಂದರಿಂದ ಏಳರವರೆಗೆ ಹೆಚ್ಚಿಸುತ್ತ ಹೋದಾಗ ಕಂಡದ್ದು ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿತ್ತು. ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಏಳು ಎತ್ತು ಕಟ್ಟಿದರೂ ಬಂಡಿ ಒಂದೆತ್ತಿನ ವೇಗದಲ್ಲೇ ಸಾಗಿತು. ಹೆಚ್ಚಿದ್ದು ದೂರ. ಒಂದು ಕಳಚಿಕೊಂಡರೂ ಉಳಿದವು ರಸ್ತೆ ಹಿಡಿದಿದ್ದರಿಂದ ತೊಲೆಯು ಬಿಡದೆ ಬಹುದೂರ ನಡೆಯಿತು. ಒಂದು ಮೀಟರ್ ಉದ್ದದ ನರದಲ್ಲಿ ಸರಕು ಹೇಗೆ ಮುಟ್ಟುತ್ತದೆ ಎಂಬ ಪ್ರಶ್ನೆಗೆ ಈ ಫಲಿತಾಂಶ ಹೆಚ್ಚು ನಂಬಲರ್ಹವಾದ ಆಧಾರ ಒದಗಿಸಿತು.

ಬಳಿಕ ಅದೇ ತೊಲೆಗೆ ಕೈನೆಸಿನ್ ಹಾಗೂ ಡೈನಿನ್ ಎರಡನ್ನೂ ಕಟ್ಟಿದರು. ಎರಡರ ದಿಕ್ಕೂ ಬೇರೆ. ಜೀವಕೋಶದ ಎಷ್ಟೋ ಸರಕುಗಳ ಮೇಲೆ ನಿಜವಾಗಿಯೂ ಎರಡೂ ಬಗೆಯ ಮೋಟಾರುಗಳು ಇರುತ್ತವೆ. ಅಂಥ ಸರಕು ಸ್ವಲ್ಪ ದೂರ ಮುಂದೆ, ಸ್ವಲ್ಪ ದೂರ ಹಿಂದೆ ಹೋಗುವುದನ್ನು ಹಲವರು ಕಂಡಿದ್ದರು. ಇಲ್ಲಿ ಆದದ್ದು ಹಗ್ಗಜಗ್ಗಾಟ. ಹಲವು ತೊಲೆಗಳು ರಸ್ತೆಗೆ ಕಚ್ಚಿಕೊಂಡು ಅಲುಗದೆ ನಿಂತವು. ನಿಂತದ್ದು ಜಗ್ಗಾಟದಿಂದಲೇ ಹೊರತು ಮೋಟಾರು ಕೆಟ್ಟಿದ್ದರಿಂದಲ್ಲ ಎಂದು ಸಾಬೀತುಪಡಿಸುವುದು ಹೇಗೆ? ಇದಕ್ಕೆ ತಂಡ ಹೂಡಿದ ಉಪಾಯವೇ ಇಡೀ ಪ್ರಯೋಗದ ಸೊಗಸು. ಒಂದು ಪಕ್ಷದ ಮೋಟಾರುಗಳ ಗೂಟಗಳಲ್ಲಿ ಬೆಳಕು ತಗುಲಿದರೆ ತುಂಡಾಗುವ ಕೊಂಡಿಯನ್ನು ಮೊದಲೇ ಇಟ್ಟಿದ್ದರು. ಲೇಸರ್ ಬೆಳಕು ಹಾಯಿಸಿದೊಡನೆ ಆ ಪಕ್ಷ ಕಳಚಿತು. ನಿಂತಿದ್ದ ತೊಲೆ ಉಳಿದ ಪಕ್ಷದ ದಿಕ್ಕಿಗೆ ಹೊರಟಿತು. ಎದುರಾಳಿ ತಂಡ ಹಗ್ಗ ಬಿಟ್ಟಾಗ ನಡೆಯುವುದೇ ಇಲ್ಲೂ ನಡೆಯಿತು.

ಇದರಿಂದ ಹೊರಟ ಇನ್ನೊಂದು ಮಾತೂ ಮುಖ್ಯ. ನಿಯಂತ್ರಿಸುವವರು ಯಾರೂ ಇಲ್ಲದಿದ್ದರೆ ಎರಡು ಪಕ್ಷಗಳ ಜಗಳದಲ್ಲಿ ಸರಕು ಸಿಕ್ಕಿಹಾಕಿಕೊಳ್ಳುತ್ತದೆ. ಜೀವಂತ ಕೋಶದಲ್ಲಿ ಹಾಗೆ ಆಗದಿರುವುದರಿಂದ, ಯಾವ ಮೋಟಾರು ಯಾವಾಗ ದುಡಿಯಬೇಕೆಂದು ಹೇಳುವ ಮೇಸ್ತ್ರಿ ಪ್ರೊಟೀನುಗಳು ಇರಲೇಬೇಕೆಂಬ ವಾದಕ್ಕೆ ಬಲ ಬಂದಿತು.

2014ರಲ್ಲಿ ಶಿವರಾಜ್ ಶಿವರಾಮಕೃಷ್ಣನ್ ಅವರ ತಂಡ ಇದೇ ತಂತ್ರವನ್ನು ಮಯೋಸಿನ್ನಿಗೆ ಅನ್ವಯಿಸಿತು. ಡಿಎನ್‌ಎಯ ಟೊಳ್ಳು ಕೊಳವೆಗೆ ಮಯೋಸಿನ್-5 ಅಥವಾ ಮಯೋಸಿನ್-6 ಎಂಬ ಬಗೆಗಳನ್ನು ಕಟ್ಟಿ, ಮೀನಿನ ಚರ್ಮದ ಕೋಶದಿಂದ ಪಡೆದ ಆ್ಯಕ್ಟಿನ್ ಜಾಲದ ಮೇಲೆ ನಡೆಸಿದಾಗ, ಒಂಟಿಯಾಗಿದ್ದಾಗ ಎರಡೂ ಬಾಗಿದ ದಾರಿ ಹಿಡಿದವು. ಸಂಖ್ಯೆ ಹೆಚ್ಚಿದಂತೆ ಮಯೋಸಿನ್-6ರ ದಾರಿ ನೇರವಾಯಿತು, ಮಯೋಸಿನ್-5ರದು ಆಗಲಿಲ್ಲ. ಕಾರಣ ಕಾಲಿನ ಬಿಗುವು: ಮೊದಲನೆಯದರ ಕಾಲು ಬಳುಕುವಂಥದು, ಎರಡನೆಯದರದು ಸೆಟೆದದ್ದು. ಕಾಲುಗಳನ್ನು ಅದಲು ಬದಲು ಮಾಡಿದಾಗ ನಡಿಗೆಯೂ ಅದಲು ಬದಲಾಯಿತು. 2016ರಲ್ಲಿ ಜಪಾನಿನ ತಂಡ ಡಿಎನ್‌ಎಯ ಸುರುಳಿ ಸ್ಪ್ರಿಂಗ್ ತಯಾರಿಸಿ, ಮಯೋಸಿನ್-6 ಅದನ್ನು ಜಗ್ಗುವಾಗ ಅದರ ಕಾಲುಗಳು ಬಲಕ್ಕೆ ಹೇಗೆ ಪ್ರತಿಕ್ರಿಯಿಸುತ್ತವೆಂದು ನೋಡಿತು. ಸಂತೆಯ ತಕ್ಕಡಿಯ ಬದಲು ಸ್ಪ್ರಿಂಗ್ ತಕ್ಕಡಿ ಬಂದಂತೆ.

ಮಿತಿಗಳನ್ನೂ ಹೇಳಬೇಕು. ಡಿಎನ್‌ಎ ತೊಲೆ ಗಡುಸು. ಕೋಶದ ನಿಜವಾದ ಸರಕು ಬಹುಪಾಲು ಎಣ್ಣೆಪೊರೆಯ ಮೆತ್ತನೆಯ ಚೀಲ. ಆ ಪೊರೆಯ ಮೇಲೆ ಮೋಟಾರುಗಳು ಒಂದೆಡೆ ನಿಲ್ಲದೆ ಜಾರಾಡುತ್ತವೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪ್ ಮಲ್ಲಿಕ್ ಅವರ ತಂಡ 2013ರಲ್ಲಿ ಕೋಶದೊಳಗಿನ ಸರಕುಗಳನ್ನೇ ಲೇಸರಿನಿಂದ ಹಿಡಿದು ಅಳೆದಾಗ, ಒಂಟಿಯಾಗಿ ಬಲಹೀನವಾದ ಡೈನಿನ್ ಗುಂಪಿನಲ್ಲಿ ಚೆನ್ನಾಗಿ ಒಗ್ಗಟ್ಟಾಗುವುದೂ, ಬಲಿಷ್ಠ ಕೈನೆಸಿನ್ ಹಾಗೆ ಒಗ್ಗಟ್ಟಾಗದಿರುವುದೂ ಕಂಡುಬಂದಿತು. ತೊಲೆಯ ಮೇಲಿನ ಲೆಕ್ಕವನ್ನು ಹಾಗೆಯೇ ಕೋಶಕ್ಕೆ ಹಚ್ಚಲಾಗದು. ಜೊತೆಗೆ, ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳು ಜೀವಕೋಶದಲ್ಲಿ ಧಾರಾಳವಾಗಿವೆ.

ಬಳ್ಳಾರಿ ರಸ್ತೆಯ ಆವರಣ

ಇಷ್ಟೆಲ್ಲ ದೂರದೇಶದ ಮಾತಾಯಿತು ಎನ್ನಬೇಕಿಲ್ಲ. ಬೆಂಗಳೂರಿನಲ್ಲಿ ನಮ್ಮ ಬಳ್ಳಾರಿಯ ಹೆಸರು ಹೊತ್ತ ರಸ್ತೆಯಲ್ಲೇ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಇದೆ. ಅಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಜೀವಂತ ಕೋಶದೊಳಗೆ ಹೋಗಿ ಆಮ್ಲೀಯತೆಯನ್ನು ಅಳೆದು ತಿಳಿಸುವ ಡಿಎನ್‌ಎ ಯಂತ್ರವನ್ನು ಪ್ರಕಟಿಸಿತು. 2011ರಲ್ಲಿ 20 ಮುಖಗಳ ಡಿಎನ್‌ಎ ಡಬ್ಬಿಯೊಳಗೆ ಸರಕು ತುಂಬಿ ‘ಸಿ. ಎಲೆಗನ್ಸ್’ ಎಂಬ ಮಿಲಿಮೀಟರ್ ಉದ್ದದ ಹುಳುವಿನೊಳಗೆ ಕಳುಹಿಸಿದರು. ಆ ಪ್ರಬಂಧದ ಲೇಖಕರಲ್ಲಿ ಸಂಧ್ಯಾ ಕೌಶಿಕಾ ಒಬ್ಬರು. ಅವರ ಮುಖ್ಯ ಅಧ್ಯಯನ ಅದೇ ಹುಳುವಿನ ನರಗಳಲ್ಲಿ ಸರಕು ಸಾಗಿಸುವ ಕೈನೆಸಿನ್ ಬಳಗದ ‘ಅಂಕ್-104’ ಎಂಬ ಮೋಟಾರು. ಮನುಷ್ಯರಲ್ಲಿ ಇದಕ್ಕೆ ಸಮಾನವಾದ ವಂಶವಾಹಿ ಕೆಟ್ಟರೆ ಮಕ್ಕಳಲ್ಲಿ ನಡಿಗೆ ಹಾಗೂ ಬುದ್ಧಿ ಬೆಳವಣಿಗೆಗೆ ತೊಂದರೆಯಾಗುತ್ತದೆ. ಡಿಎನ್‌ಎ ಕಟ್ಟುವವರೂ ಮೋಟಾರು ನೋಡುವವರೂ ಆಗ ಒಂದೇ ಕಟ್ಟಡದಲ್ಲಿದ್ದರು ಎಂಬುದು ಗಮನಾರ್ಹ. ಕೌಶಿಕಾ ಅವರು ನಂತರ ಮುಂಬೈಗೂ, ಕೃಷ್ಣನ್ ಅವರು 2014ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೂ ತೆರಳಿದರು. ಅದೇ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಮಿನ್ಹಾಜ್ ಸಿರಾಜುದ್ದೀನ್ ಅವರ ಪ್ರಯೋಗಾಲಯ ಮೋಟಾರುಗಳು ನಡೆಯುವ ರಸ್ತೆಯನ್ನೇ ಅಧ್ಯಯನ ಮಾಡುತ್ತದೆ. ರಸ್ತೆಯ ಮೇಲ್ಮೈಯ ಚಿಕ್ಕ ಬದಲಾವಣೆಗಳು ಮೋಟಾರಿನ ನಡಿಗೆಯನ್ನು ಬದಲಿಸುತ್ತವೆ ಎಂದು ಅವರು 2014ರಲ್ಲಿ ವೇಲ್ ಅವರೊಂದಿಗಿನ ಪ್ರಬಂಧದಲ್ಲಿ ತೋರಿಸಿದ್ದರು. ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಬಲ್ ಮೈತಿ ಅವರ ತಂಡ ಡಿಎನ್‌ಎ ಕೊಳವೆಗಳ ಗಡುಸುತನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದೆ.

ನೂರರಲ್ಲಿ ನಾಲ್ವರ ಹೃದಯ

ಓದುಗರಿಗೆ ನೇರವಾಗಿ ತಟ್ಟುವ ವಿಚಾರ ಹೃದಯದ್ದು. ಹೃದಯದ ಸ್ನಾಯುವಿನಲ್ಲಿ ಮಯೋಸಿನ್ ಒಂಟಿಯಾಗಿ ದುಡಿಯುವುದಿಲ್ಲ. ದಪ್ಪ ಎಳೆಯೊಂದರಲ್ಲಿ ನೂರಾರು ಸೇರಿ ಆ್ಯಕ್ಟಿನ್ನನ್ನು ಜಗ್ಗುತ್ತವೆ. ಅವುಗಳಲ್ಲಿ ಕೆಲವು ಮಾತ್ರ ದೋಷವುಳ್ಳವಾದರೆ ಇಡೀ ತೇರಿನ ಗತಿ ಏನಾಗುತ್ತದೆ ಎಂಬುದು ಮೇಲಿನ ಎಣಿಕೆಯ ಪ್ರಶ್ನೆಯೇ. 2015ರಲ್ಲಿ ಶಿವರಾಮಕೃಷ್ಣನ್ ಮತ್ತು ಸ್ಪೂಡಿಚ್ ಅವರ ತಂಡಗಳು ಡಿಎನ್‌ಎ ಕೊಳವೆಯಿಂದ ಕೃತಕ ದಪ್ಪ ಎಳೆಗಳನ್ನು ರೂಪಿಸಿ ಮಯೋಸಿನ್ ಗುಂಪಿನ ಹೊಂದಾಣಿಕೆಯನ್ನು ಪರೀಕ್ಷಿಸಿದ್ದು ಈ ದಾರಿಯಲ್ಲೇ. 2019ರಲ್ಲಿ ಜಪಾನಿನ ಸಂಶೋಧಕರು ಡಿಎನ್‌ಎ ತೊಲೆಗೆ ಕಟ್ಟಿದ ಮಾನವ ಸ್ನಾಯುವಿನ ಮಯೋಸಿನ್ ತನ್ನ ಕಾಲು ಬೀಸುವುದನ್ನು ನೇರವಾಗಿ ಚಿತ್ರೀಕರಿಸಿದರು.

ಮಯೋಸಿನ್ನಿಗೆ ಅಂಟಿಕೊಂಡು ಅದರ ದುಡಿಮೆಯನ್ನು ಹತೋಟಿಯಲ್ಲಿಡುವ ‘ಮಯೋಸಿನ್ ಬೈಂಡಿಂಗ್ ಪ್ರೊಟೀನ್-ಸಿ’ ಎಂಬುದೊಂದಿದೆ. ಅದರ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಸ್ಥಿತಿ ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿದೆ, ಅಂಥವರಲ್ಲಿ ಹೃದಯ ಸ್ನಾಯುವಿನ ಕಾಯಿಲೆಯ ಸಂಭವ ಹೆಚ್ಚು ಎಂದು 2009ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆ ಪ್ರಕಟಿಸಿತು. ಅಧ್ಯಯನದ ಪ್ರಮುಖರಲ್ಲಿ ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ನಂತರ ಬೆಂಗಳೂರಿನ ಇನ್‌ಸ್ಟೆಮ್ ಸೇರಿದ ಪೆರುಂದುರೈ ದಂಡಪಾಣಿ ಇದ್ದರು. ಆ ಸುದ್ದಿ ಹುಟ್ಟಿಸಿದ ಭಯ ಸಣ್ಣದಲ್ಲ. ಆದರೆ 2018ರ ಇನ್ನೊಂದು ಅಧ್ಯಯನದಂತೆ, ಅಪಾಯದ ಹೆಚ್ಚಿನ ಪಾಲು ಈ ಕೊರತೆಯ ಜೊತೆಗೆ ಅದೇ ವಂಶವಾಹಿಯಲ್ಲಿ ಮತ್ತೊಂದು ಬದಲಾವಣೆಯನ್ನೂ ಹೊತ್ತ ಸಣ್ಣ ಗುಂಪಿಗೆ ಸೇರಿದ್ದು. 25 ಅಕ್ಷರ ಇಲ್ಲದವರೆಲ್ಲರೂ ರೋಗಿಗಳಲ್ಲ.

ಮಯೋಸಿನ್ನಿನ ಅತಿ ದುಡಿಮೆಯನ್ನು ತಗ್ಗಿಸುವ ‘ಮಾವಕಾಮ್ಟೆನ್’ ಎಂಬ ಔಷಧಿಗೆ ಅಮೆರಿಕದ ಔಷಧ ನಿಯಂತ್ರಕರು 2022ರ ಏಪ್ರಿಲ್‌ನಲ್ಲಿ ಅನುಮತಿ ನೀಡಿದರು. ಹೃದಯದ ಗೋಡೆ ದಪ್ಪಗಾಗಿ ರಕ್ತದ ಹೊರದಾರಿಗೆ ಅಡ್ಡಿಯಾದವರಿಗೆ ಮಾತ್ರ ಇದು. ಸ್ಪೂಡಿಚ್ ಅವರು ಸಹಸ್ಥಾಪಕರಾಗಿದ್ದ ಕಂಪನಿಯೇ ಇದನ್ನು ಅಭಿವೃದ್ಧಿಪಡಿಸಿತ್ತು. ಈ ಔಷಧಿ ಡಿಎನ್‌ಎ ತೊಲೆಯಿಂದ ಹುಟ್ಟಿತೆಂದು ಹೇಳಿದರೆ ತಪ್ಪಾಗುತ್ತದೆ. ಗದ್ದೆಯ ಪಾಚಿಯ ಮೇಲೆ ಮಣಿ ಓಡಿಸಿದ 1983ರ ಪ್ರಯೋಗದಿಂದ ಆರಂಭವಾದ ಮಯೋಸಿನ್ ಅಧ್ಯಯನದ ಫಲ ಅದು. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ಹೃದಯ ನಿಂತು ತೀರಿಕೊಂಡ ಉದಾಹರಣೆ ಇದ್ದರೆ, ಅಥವಾ ದುಡಿಯುವಾಗ ಎಚ್ಚರ ತಪ್ಪುವುದು, ಏದುಸಿರು ಬರುವುದು ಇದ್ದರೆ, ವಂಶವಾಹಿ ಪರೀಕ್ಷೆಗಿಂತ ಮೊದಲು ಇಸಿಜಿ ಮತ್ತು ಎಕೋ ಪರೀಕ್ಷೆಗಳೇ ಹೃದಯದ ಗೋಡೆಯ ಸ್ಥಿತಿಯನ್ನು ತಿಳಿಸುತ್ತವೆ.